ಹಿತ್ತಲ ಬಸಳೆಯೂ ಮುಂಬಯಿಯ ಎಣ್ಣೆಡಬ್ಬಿಯೂ

ಮಳೆಗಾಲದ ಮೊದಲ ವಾರಗಳಲ್ಲಿ ಮಾಟುಂಗದ ಮಾರುಕಟ್ಟೆಗೆ ಹೋದವರು ಒಂದು ನೋಟವನ್ನು ಕಂಡಿರಬಹುದು. ಸೊಪ್ಪಿನ ಬುಟ್ಟಿಯ ಮುಂದೆ ನಮ್ಮ ಕಡೆಯವರೊಬ್ಬರು ನಿಂತಿರುತ್ತಾರೆ. ಮರಾಠಿಗರು ಮಾಯಾಳು ಎಂದು ಕರೆಯುವ ಬಸಳೆಯ ಕಟ್ಟೊಂದನ್ನು ಕೈಗೆತ್ತಿಕೊಳ್ಳುತ್ತಾರೆ, ಬೆಲೆ ಕೇಳುತ್ತಾರೆ, ದಂಟನ್ನೊಮ್ಮೆ ಉಗುರಿನಿಂದ ಒತ್ತಿ ಎಳೆಯದೋ ಬಲಿತದ್ದೋ ನೋಡುತ್ತಾರೆ, ಆಮೇಲೆ ಮರಳಿ ಬುಟ್ಟಿಯಲ್ಲಿಡುತ್ತಾರೆ. ಬೆಲೆ ಹೆಚ್ಚಾಯಿತೆಂಬುದೊಂದೇ ಇದಕ್ಕೆ ಕಾರಣವಲ್ಲ. ಊರ ಮನೆಯ ಬಾವಿಕಟ್ಟೆಯ ಬದಿಯಲ್ಲಿ ಯಾರ ಲೆಕ್ಕಕ್ಕೂ ಸಿಕ್ಕದೆ ಹಬ್ಬಿಕೊಂಡಿದ್ದ ಬಳ್ಳಿಗೆ ಹಣ ಕೊಡಲು ಕೈ ಬರುವುದಿಲ್ಲ. ನಾವೂ ಹಾಗೆ ಎಷ್ಟೋ ಸಲ ಮರಳಿ ಇಟ್ಟು ಬಂದವರೇ.

ಇಂದು ಆ ಬಳ್ಳಿಯ ವಿಷಯವಾಗಿ, ಅದು ಬೆಳೆಯುತ್ತಿದ್ದ ಹಿತ್ತಲಿನ ವಿಷಯವಾಗಿ, ಆ ಹಿತ್ತಲನ್ನು ನಂಬಿ ನಡೆಯುತ್ತಿದ್ದ ಸರಳವಾದ ಅಡುಗೆಯ ವಿಷಯವಾಗಿ ವಾಚಕರೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆನಿಸಿದೆ. ಇದರಲ್ಲಿ ಹಲವರಿಗೆ ತಿಳಿಯದ ಸಂಗತಿಗಳು ಕಡಮೆ. ಆದರೆ ತಿಳಿದ ಸಂಗತಿಗಳು ಕೈಬಿಟ್ಟು ಹೋಗುವುದೂ ಹಾಗೆಯೇ ಅಲ್ಲವೆ? ಎಲ್ಲರಿಗೂ ತಿಳಿದಿದೆಯೆಂದು ಯಾರೂ ಹೇಳದೆ ಉಳಿದುದರಿಂದಲೇ ಎಷ್ಟೋ ಮನೆಗಳಲ್ಲಿ ಎಷ್ಟೋ ವಿದ್ಯೆಗಳು ಒಂದು ತಲೆಮಾರಿನೊಳಗೆ ಇಲ್ಲವಾದವು.

ಬಡಿಸುವವನ ಊಟ

ಮುಂಬಯಿಯಲ್ಲಿ ಕನ್ನಡಿಗರ ಹೆಸರು ಅನ್ನದ ಮೂಲಕವೇ ಹರಡಿತು ಎಂದರೆ ತಪ್ಪಾಗಲಾರದು. 1942ರಲ್ಲಿ ಮಾಟುಂಗದಲ್ಲಿ ಆರಂಭವಾದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಊಟದ ಮನೆಗಳು, ಮನೆಯೂಟವನ್ನು ಬಿಟ್ಟು ಬಂದ ಸಾವಿರಾರು ಗುಮಾಸ್ತರಿಗೆ ಬಾಳೆಯೆಲೆಯ ಮೇಲೆ ಮನೆಯೂಟವನ್ನೇ ಬಡಿಸಿದವು. ಆ ಪರಂಪರೆಯ ವಿಷಯದಲ್ಲಿ ನಮಗೆ ಅಭಿಮಾನವಿದೆ. ಆದರೆ ಬಡಿಸಿದವನು ಏನನ್ನು ಉಂಡನೆಂಬ ಪ್ರಶ್ನೆಯನ್ನು ಕೇಳಿದವರು ವಿರಳ.

ಹೋಟೆಲಿನಲ್ಲಿ ದುಡಿದ ವಾಚಕರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಗಿರಾಕಿಗಳ ಊಟದ ಹೊತ್ತು ಮುಗಿಯುವವರೆಗೆ ನೌಕರನ ಊಟವಿಲ್ಲ. ಎರಡೂವರೆಗೋ ಮೂರಕ್ಕೋ ಕುಳಿತಾಗ ಅನ್ನವಿದೆ, ಸಾಂಬಾರಿದೆ, ಹಿಂದಿನ ಸರತಿಯಲ್ಲಿ ಉಳಿದ ಬಟಾಟೆ ಪಲ್ಯವಿದೆ, ಕರಿದ ತಿಂಡಿಯೂ ಇದೆ. ಹೊಟ್ಟೆಗೆ ಕೊರತೆಯಿಲ್ಲ, ಇಲ್ಲದ್ದು ಸೊಪ್ಪು. ಇದು ಧಣಿಗಳ ಜಿಪುಣತನದಿಂದ ಆದದ್ದಲ್ಲ. ಸೊಪ್ಪನ್ನು ಬಿಡಿಸಿ, ಮಣ್ಣು ತೊಳೆದು, ಹೆಚ್ಚುವುದಕ್ಕೆ ಕೈಗಳು ಬೇಕು, ಹೊತ್ತು ಬೇಕು. ಬುಟ್ಟಿ ತುಂಬ ಇದ್ದದ್ದು ಬೆಂದ ಮೇಲೆ ಒಂದು ಪಾತ್ರೆಯ ತಳಕ್ಕಿಳಿಯುತ್ತದೆ. ಎರಡು ಗಂಟೆ ಕಳೆದರೆ ಬಣ್ಣಗೆಡುತ್ತದೆ. ಸಾವಿರನೆಯ ತಟ್ಟೆಗೂ ಮೊದಲ ತಟ್ಟೆಯ ರುಚಿಯೇ ಇರಬೇಕಾದ ವ್ಯಾಪಾರಕ್ಕೆ ಇಂಥ ಪದಾರ್ಥ ಒಗ್ಗುವುದಿಲ್ಲ.

ಕಚೇರಿಯ ಗುಮಾಸ್ತನ ಪಾಡು ಬೇರೆಯಾಗಿ ಕಂಡರೂ ಫಲ ಒಂದೇ. ಬೆಳಗಿನ ಲೋಕಲ್ ಗಾಡಿ ಹಿಡಿಯುವ ಆತುರದಲ್ಲಿ ಚಹಾ ಬಿಸ್ಕತ್ತು, ನಡುಹಗಲು ಡಬ್ಬಿ ಬಂದರೆ ಬಂತು, ಸಂಜೆ ನಿಲ್ದಾಣದ ಹೊರಗೆ ವಡಾಪಾವು. ವಿಶ್ವ ಆರೋಗ್ಯ ಸಂಸ್ಥೆಯು ದೊಡ್ಡವರೊಬ್ಬರು ದಿನಕ್ಕೆ ಕನಿಷ್ಠ 400 ಗ್ರಾಮಿನಷ್ಟು ಹಣ್ಣು ತರಕಾರಿಗಳನ್ನು ತಿನ್ನಬೇಕೆಂದು ಹೇಳುತ್ತದೆ. ಬಟಾಟೆಯಂಥ ಗೆಡ್ಡೆಗಳನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ಒಂದು ವಾರ ತಮ್ಮ ತಟ್ಟೆಯನ್ನು ತಾವೇ ನೋಡಿಕೊಂಡು, ಬಟಾಟೆಯನ್ನು ಕಳೆದು, ಉಳಿದುದೆಷ್ಟೆಂದು ತೂಗಿದರೆ ನಮ್ಮಲ್ಲಿ ಬಹುಮಂದಿಗೆ ನಾಚಿಕೆಯಾದೀತು.

ಈ ಸಂದರ್ಭದಲ್ಲಿ ಹೈದರಾಬಾದಿನ ಕನ್ನಡಿಗರಿಗೆ ಹತ್ತಿರದ ಒಂದು ಸಂಸ್ಥೆಯನ್ನು ನೆನೆಯುವುದು ಯುಕ್ತ. ಅಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯು ಮೊದಲು ಹುಟ್ಟಿದ್ದು 1918ರಲ್ಲಿ, ನೀಲಗಿರಿಯ ಕೂನೂರಿನಲ್ಲಿ, ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರ ಸಣ್ಣದೊಂದು ಪ್ರಯೋಗಶಾಲೆಯಾಗಿ. ಅವರು ಕೈಗೊಂಡ ಶೋಧ ಬೆರಿಬೆರಿ ರೋಗದ್ದು. ತವಡೆಲ್ಲವನ್ನೂ ಕಳೆದು ಬೆಳ್ಳಗೆ ಮಾಡಿದ ಅಕ್ಕಿಯನ್ನೇ ಮುಖ್ಯವಾಗಿ ಉಣ್ಣುವವರಿಗೆ ಥಯಾಮಿನ್ ಎಂಬ ಜೀವಸತ್ವದ ಕೊರತೆಯಿಂದ ಬರುವ ರೋಗವದು. ನಮ್ಮ ಕರಾವಳಿಯ ಕುಚಲಕ್ಕಿಯಲ್ಲಿ ಈ ತೊಂದರೆ ಕಡಮೆ. ಭತ್ತವನ್ನು ಸಿಪ್ಪೆಯೊಡನೆಯೇ ಬೇಯಿಸಿ ಒಣಗಿಸುವುದರಿಂದ ಹೊರಪದರದ ಸತ್ವವು ಕಾಳಿನ ಒಳಕ್ಕೆ ಇಳಿದು, ಕುಟ್ಟಿದ ಮೇಲೂ ಉಳಿಯುತ್ತದೆ. ಶಾಲೆಯ ಮೆಟ್ಟಲು ಹತ್ತದ ನಮ್ಮ ಅಜ್ಜಿಯರು ಗಂಜಿಯ ತಿಳಿಯನ್ನು ಚೆಲ್ಲಗೊಡದೆ ಮಕ್ಕಳಿಗೆ ಕುಡಿಸುತ್ತಿದ್ದುದರಲ್ಲಿ ಎಷ್ಟು ವಿವೇಕವಿತ್ತೆಂಬುದು ಈಗ ತಿಳಿಯುತ್ತದೆ.

ಹಿತ್ತಲೆಂಬ ಉಗ್ರಾಣ

ಊರಿನ ಹಿತ್ತಲಿಗೆ ನಕ್ಷೆಯಿರಲಿಲ್ಲ, ಆದರೆ ಕ್ರಮವಿತ್ತು. ಬಚ್ಚಲ ನೀರು ಹರಿಯುವಲ್ಲಿ ಬಾಳೆ ಮತ್ತು ಕೆಸು. ಪಾತ್ರೆ ತೊಳೆಯುವ ಕಲ್ಲಿನ ಬದಿಗೆ ಒಂದೆಲಗ. ಬಾವಿಕಟ್ಟೆಗೆ ತಾಗಿ ಬಸಳೆಯ ಚಪ್ಪರ. ಅಡುಗೆಮನೆಯ ಬಾಗಿಲಿಗೆ ಕರಿಬೇವು, ಗಾಂಧಾರಿ ಮೆಣಸು. ಸ್ವಲ್ಪ ದೂರದಲ್ಲಿ ನುಗ್ಗೆ. ಬೇಲಿಯ ಮೇಲೆ ತೊಂಡೆ. ಮನೆಯಿಂದ ಹೊರಬಿದ್ದ ನೀರು, ಒಲೆಯ ಬೂದಿ, ಹಟ್ಟಿಯ ಗೊಬ್ಬರ, ತರಕಾರಿಯ ಸಿಪ್ಪೆ, ಇವೆಲ್ಲವೂ ಹಿತ್ತಲಿಗೆ ಹೋಗಿ ಸೊಪ್ಪಾಗಿ ಕಾಯಾಗಿ ಅಡುಗೆಮನೆಗೆ ಮರಳಿ ಬರುತ್ತಿದ್ದವು.

ಕಾಲದ ಕ್ರಮವೂ ಹಾಗೆಯೇ. ಮೇ ತಿಂಗಳ ಕೊನೆಯಲ್ಲಿ ಮೊದಲ ಹನಿ ಬೀಳುವ ಹೊತ್ತಿಗೆ ಬೆಂಡೆ, ಹೀರೆ, ಪಡವಲ, ಹಾಗಲಗಳ ಬೀಜ ಮಣ್ಣಿಗಿಳಿಯಬೇಕು. ಬೆಂಡೆಯ ಬೀಜವನ್ನು ಹಿಂದಿನ ರಾತ್ರಿ ನೀರಿನಲ್ಲಿ ನೆನೆಯಿಸಿದರೆ ಬೇಗ ಮೊಳೆಯುತ್ತದೆ. ಐವತ್ತು ದಿನಗಳೊಳಗೆ ಕಾಯಿ ಬಿಡತೊಡಗುತ್ತದೆ. ಆಮೇಲೆ ಎರಡು ದಿನಕ್ಕೊಮ್ಮೆ ಕೊಯ್ಯದಿದ್ದರೆ ನಾರಾಗುತ್ತದೆ. ಹರಿವೆಯ ಬೀಜ ಸಾಸಿವೆಗಿಂತಲೂ ಸಣ್ಣದು. ಒಣಮರಳಿನಲ್ಲಿ ಬೆರಸಿ ಚೆಲ್ಲಿದರೆ ಒಂದೇ ಕಡೆ ಬೀಳುವುದಿಲ್ಲ. ಇರುವೆಗಳು ಹೊತ್ತುಕೊಂಡು ಹೋಗದಂತೆ ಒಂದು ಹಿಡಿ ರವೆಯನ್ನೂ ಕೂಡಿಸುವುದುಂಟು. ಇರುವೆಗೆ ರವೆ, ಮನೆಗೆ ಹರಿವೆ. ಪಡವಲದ ಎಳೆಗಾಯಿಯ ತುದಿಗೆ ಬಾಳೆನಾರಿನಿಂದ ಸಣ್ಣ ಕಲ್ಲು ಕಟ್ಟಿದರೆ ಕಾಯಿ ಸುರುಳಿಯಾಗದೆ ನೇರವಾಗಿ ಇಳಿಯುತ್ತದೆ. ಬಸಳೆಗೂ ತೊಂಡೆಗೂ ಬೀಜ ಬೇಡ. ಮೂರು ನಾಲ್ಕು ಗೆಣ್ಣುಗಳಿರುವ ಒಂದು ಗೇಣುದ್ದದ ಬಳ್ಳಿಯನ್ನು ನೆಟ್ಟರಾಯಿತು.

ಆಟಿ ತಿಂಗಳು, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಾಲ, ನಮ್ಮ ಹಿರಿಯರಿಗೆ ಕಷ್ಟದ ತಿಂಗಳು. ಗದ್ದೆಯಲ್ಲಿ ನಟ್ಟಿ ಮುಗಿದಿದೆ, ಕಣಜ ಬರಿದಾಗಿದೆ, ಹೊರಗೆ ಬಿಡದ ಮಳೆ. ಆ ತಿಂಗಳನ್ನು ದಾಟಿಸಿದ್ದೇ ಹಿತ್ತಲು. ಬೇಸಗೆಯಲ್ಲಿ ಬೆಳೆದು ಬಾಳೆನಾರಿನಿಂದ ಜಂತಿಗೆ ಕಟ್ಟಿ ತೂಗಹಾಕಿದ ಸೌತೆಕಾಯಿಗಳು, ಬೂದಿಗುಂಬಳ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಮಣ್ಣು ಮೆತ್ತಿ ಕಾದಿರಿಸಿದ ಹಲಸಿನ ಬೀಜ, ತಾನಾಗಿಯೇ ಮೊಳೆಯುವ ಚಗಟೆ ಸೊಪ್ಪು, ಪತ್ರೊಡೆಗೆ ಕೆಸುವಿನ ಎಲೆ. ಇಂದು ನಗರಗಳಲ್ಲಿ ಸಂಘಸಂಸ್ಥೆಗಳವರು ಆಟಿಯ ಕೂಟ ನಡೆಸಿ ಹಬ್ಬದೂಟವೆಂದು ಬಡಿಸುವ ಪದಾರ್ಥಗಳೆಲ್ಲವೂ ಒಂದು ಕಾಲದಲ್ಲಿ ಬಡತನ ಕಲಿಸಿದ ಅಡುಗೆಗಳೇ. ಅದರಲ್ಲಿ ಅಗೌರವವೇನೂ ಇಲ್ಲ. ಆದರೆ ಅದು ಮರೆತುಹೋಗಬಾರದು.

ಒಂದೊಂದು ಊರಿನ ಮಣ್ಣಿಗೆ ಒಂದೊಂದು ತರಕಾರಿ ಒಲಿಯುವುದನ್ನೂ ಇಲ್ಲಿ ಹೇಳಬೇಕು. ಉಡುಪಿಯ ದಕ್ಷಿಣಕ್ಕೆ, ಕಟಪಾಡಿಯ ಬಳಿ ಕಡಲಂಚಿನ ಮಟ್ಟು ಗ್ರಾಮದ ಗುಳ್ಳ ಬದನೆಯನ್ನು ಅರಿಯದ ಕರಾವಳಿಯವರಿಲ್ಲ. ಸೋದೆಯ ವಾದಿರಾಜ ಗುರುಗಳು ಬೀಜ ಕೊಟ್ಟರೆಂಬ ಐತಿಹ್ಯ ಅದಕ್ಕಿದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಐತಿಹ್ಯವಾಗಲಿ ಸರಕಾರದ ಮುದ್ರೆಯಾಗಲಿ ಬೀಜವನ್ನು ಉಳಿಸಲಾರದು. ಪ್ರತಿವರ್ಷ ಒಬ್ಬರು ಒಳ್ಳೆಯ ಕಾಯನ್ನು ಕೊಯ್ಯದೆ ಗಿಡದಲ್ಲೇ ಹಣ್ಣಾಗಲು ಬಿಟ್ಟು, ಬೀಜ ತೆಗೆದು, ಒಣಗಿಸಿ, ಮುಂದಿನ ವರ್ಷ ಬಿತ್ತಿದ್ದರಿಂದಲೇ ಅದು ಇಂದಿಗೂ ಇದೆ. ಹೆಸರಿಲ್ಲದ ನೂರಾರು ತರಕಾರಿಗಳನ್ನು ಹೀಗೆಯೇ ನಮ್ಮ ತಾಯಂದಿರು ಮನೆಮನೆಯಲ್ಲಿ ಉಳಿಸಿಕೊಂಡು ಬಂದರು.

ಬೀಜದ ಗಂಟು

ನಮ್ಮ ಮನೆಯಲ್ಲಿಯೂ ಅಂಥದೊಂದು ಇತ್ತು. ಒಂದು ಮೊಳಕ್ಕೂ ಮಿಕ್ಕಿ ಉದ್ದ ಬೆಳೆಯುವ, ತುದಿಯಲ್ಲಿ ಮಾತ್ರ ನಸುಗೆಂಪು ಇರುವ ಅಲಸಂದೆ. ಅಂಗಡಿಯಲ್ಲಿ ಸಿಕ್ಕುವ ಅಲಸಂದೆಗಿಂತ ಅದು ಮೆದು. ಎಳೆಯದನ್ನು ಹೆಚ್ಚಿ ಕಾಯಿತುರಿ ಹಾಕಿ ಪಲ್ಯ ಮಾಡಿದರೆ ಬೇರೆ ವ್ಯಂಜನ ಬೇಡ. ನಮ್ಮ ತಾಯಿ ಅದನ್ನು ತವರಿನಿಂದ ತಂದಿದ್ದರು. ವರ್ಷವೂ ಬಳ್ಳಿಯ ಒಂದೆರಡು ಒಳ್ಳೆಯ ಕಾಯಿಗಳಿಗೆ ಅವರು ಬಿಳಿ ನೂಲು ಕಟ್ಟುತ್ತಿದ್ದರು. ನೂಲು ಕಟ್ಟಿದ ಕಾಯಿ ಬೀಜದ್ದು, ಮಕ್ಕಳು ಮುಟ್ಟುವಂತಿಲ್ಲ. ಒಣಗಿದ ಮೇಲೆ ಸುಲಿದು, ಒಲೆಯ ಬೂದಿಯಲ್ಲಿ ಹೊರಳಿಸಿ, ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ ಮಡಕೆಯೊಳಗಿಡುತ್ತಿದ್ದರು.

ನಾವು ಮುಂಬಯಿಗೆ ಬಂದೆವು. ತಮ್ಮಂದಿರು ಪುಣೆಗೆ ಹೋದರು. ರಜೆಗೆ ಊರಿಗೆ ಹೋದಾಗಲೆಲ್ಲ ಮರಳುವ ದಿನ ತಾಯಿ ಒಂದು ಗಂಟನ್ನು ಮುಂದೆ ಹಿಡಿದು, “ಮಗಾ, ಇದಿಷ್ಟು ಕೊಂಡುಹೋಗು,” ಎನ್ನುತ್ತಿದ್ದರು. “ಅಮ್ಮಾ, ಚಾಳಿನಲ್ಲಿ ಎಲ್ಲಿ ಬಿತ್ತುವುದು?” ಎಂದು ನಾವು ನಗುತ್ತಿದ್ದೆವು. ಅವರೂ ನಗುತ್ತಿದ್ದರು, ಗಂಟು ಮರಳಿ ಮಡಕೆಗೆ ಹೋಗುತ್ತಿತ್ತು.

2014ರಲ್ಲಿ, ಮಕ್ಕಳೆಲ್ಲರೂ ಕೂಡಿ ತಾಯಿಗೆ ಗ್ಯಾಸಿನ ಒಲೆ ತಂದುಕೊಟ್ಟೆವು. ಹೊಗೆಯಲ್ಲಿ ಅವರ ಕಣ್ಣು ಕೆಡುತ್ತಿತ್ತು. ಅದು ತಪ್ಪಿತೆಂದು ನಮಗೆ ಸಂತೋಷ. ಎರಡು ವರ್ಷದ ಮೇಲೆ ಬಚ್ಚಲಿಗೆ ವಿದ್ಯುತ್ತಿನ ಹಂಡೆಯನ್ನೂ ಹಾಕಿಸಿದೆವು. ಆ ಸಂತೋಷದಲ್ಲಿ ನಮಗೆ ತಿಳಿಯದೆ ಹೋದ ಮಾತೊಂದಿತ್ತು. ಎರಡು ಒಲೆಗಳೂ ಆರಿದ ಮೇಲೆ ಮನೆಯಲ್ಲಿ ಬೂದಿಯಿಲ್ಲವಾಯಿತು.

ತಾಯಿ 2019ರ ಚಳಿಗಾಲದಲ್ಲಿ ತೀರಿಕೊಂಡರು. ಮರುವರ್ಷ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿದುದನ್ನು ವಾಚಕರು ಮರೆತಿರಲಾರರು. ಮುಂಬಯಿಯ ಹೋಟೆಲುಗಳ ಒಲೆಗಳೆಲ್ಲ ಒಟ್ಟಿಗೆ ಆರಿದ್ದನ್ನು ನಮ್ಮ ಜೀವಮಾನದಲ್ಲಿ ಅಂದೇ ಕಂಡೆವು. ಮೇ ತಿಂಗಳ ಆರಂಭದಲ್ಲಿ ಅನುಮತಿ ಪಡೆದು ಊರಿಗೆ ಮರಳಿ, ಪ್ರತ್ಯೇಕವಾಗಿರಬೇಕಾದ ದಿನಗಳನ್ನು ಕಳೆದು, ಮನೆಯ ಬಾಗಿಲು ತೆರೆದಾಗ ಹಿತ್ತಲು ಕಾಡಾಗಿತ್ತು. ಬಸಳೆಯ ಚಪ್ಪರ ನೆಲಕ್ಕೊರಗಿತ್ತು. ಆದರೆ ಅದರಡಿಯಲ್ಲಿ ಬಸಳೆ ಜೀವದಿಂದಿತ್ತು. ಕೆಲಸವಿಲ್ಲದ ಕೈಗಳಿಗೆ ಕೆಲಸ ಸಿಕ್ಕಿತು. ಮಳೆ ಬರುವುದರೊಳಗೆ ಬಿತ್ತಬೇಕೆಂದು ಅಟ್ಟದ ಮೇಲಿದ್ದ ಮಡಕೆಯನ್ನು ಇಳಿಸಿದೆವು.

ಒಳಗೆ ಹನ್ನೊಂದು ಗಂಟುಗಳಿದ್ದವು. ಯಾವುದರ ಮೇಲೂ ಹೆಸರಿಲ್ಲ. ತಾಯಿಗೆ ಕೈಯ ಸ್ಪರ್ಶದಿಂದಲೇ ತಿಳಿಯುತ್ತಿತ್ತು. ಹರಿವೆಯ ಗಂಟು ಚೆನ್ನಾಗಿತ್ತು, ಸೌತೆಯದೂ ಚೆನ್ನಾಗಿತ್ತು. ಅಲಸಂದೆಯ ಗಂಟನ್ನು ಬಿಚ್ಚಿದಾಗ ಹಿಟ್ಟು ಉದುರಿತು. ಒಂದೊಂದು ಕಾಳಿಗೂ ಸೂಜಿಯಿಂದ ಕೊರೆದಂತೆ ತೂತು; ಒಳಗೆಲ್ಲ ಪೊಳ್ಳು. ಕಾಳಿಗೆ ಬೀಳುವ ಆ ಹುಳವನ್ನು ದೂರವಿಡುತ್ತಿದ್ದುದು ಬೂದಿಯೇ ಆಗಿತ್ತು. ಸ್ವಲ್ಪ ಗಟ್ಟಿಯಾಗಿ ಕಂಡ ಇಪ್ಪತ್ತು ಕಾಳುಗಳನ್ನು ಆಯ್ದು ಬಿತ್ತಿದೆವು. ಒಂದೂ ಏಳಲಿಲ್ಲ. ತಾಯಿಯ ತವರಿನಲ್ಲಿ ವಿಚಾರಿಸಿದೆವು. ಅಲ್ಲಿ ಹಿತ್ತಲು ಇದ್ದ ಜಾಗದಲ್ಲಿ ಈಗ ಅಡಕೆ ತೋಟವಿದೆ. ನೆರೆಹೊರೆಯಲ್ಲಿ ಕೇಳಿದೆವು; “ಅದು ನಿಮ್ಮ ಮನೆಯದಲ್ಲವೆ? ನಿಮ್ಮಲ್ಲಿ ಇದೆಯೆಂದು ನಾವು ಇಡಲಿಲ್ಲ,” ಎಂದರು.

ಒಲೆಯನ್ನು ಕೊಟ್ಟದ್ದು ತಪ್ಪೆಂದು ನಾವು ಹೇಳುವುದಿಲ್ಲ. ತಾಯಿಯ ಕಣ್ಣು ಅಲಸಂದೆಗಿಂತ ದೊಡ್ಡದು. ಆದರೆ ಮುಂದೆ ಹಿಡಿದ ಗಂಟನ್ನು ಒಂದೇ ಒಂದು ಸಲ ಕೈನೀಡಿ ತೆಗೆದುಕೊಂಡಿದ್ದರೆ, ಯಾರಾದರೊಬ್ಬ ಪರಿಚಯಸ್ಥರಿಗೆ ನಾಲ್ಕು ಕಾಳು ದಾಟಿಸಿದ್ದರೆ, ಅದು ಎಲ್ಲಿಯೋ ಒಂದು ಕಡೆ ಇಂದಿಗೂ ಕಾಯಿ ಬಿಡುತ್ತಿತ್ತು.

ಎಣ್ಣೆಡಬ್ಬಿಯ ಬೇಸಾಯ

“ಚಾಳಿನಲ್ಲಿ ಎಲ್ಲಿ ಬಿತ್ತುವುದು?” ಎಂಬ ನಮ್ಮ ಹಳೆಯ ಪ್ರಶ್ನೆಗೆ ಉತ್ತರ ಕೊಟ್ಟವರು ಬೈಂದೂರು ಕಡೆಯ ಹೋಟೆಲು ನೌಕರರೊಬ್ಬರು. ಉಪನಗರದ ಹೋಟೆಲೊಂದರಲ್ಲಿ ಅವರು ಇಪ್ಪತ್ತೆಂಟು ವರ್ಷಗಳಿಂದ ದೋಸೆ ಹೊಯ್ಯುತ್ತಿದ್ದಾರೆ. ನೌಕರರ ಕೋಣೆ ಕಟ್ಟಡದ ಮೇಲ್ಭಾಗದಲ್ಲಿದೆ. ಅದರ ಮುಂದೆ ಸಣ್ಣ ಗಚ್ಚಿ. ಆ ಗಚ್ಚಿಯ ಮೇಲೆ ಒಂಬತ್ತು ಎಣ್ಣೆಡಬ್ಬಿಗಳಲ್ಲಿ ಅವರು ಬಸಳೆ, ಹರಿವೆ, ಮೆಂತ್ಯ, ಪುದೀನ, ಕರಿಬೇವುಗಳನ್ನು ಬೆಳೆದಿದ್ದಾರೆ. ನಾವು ಊರಿನಿಂದ ತಂದ ಹರಿವೆಯ ಬೀಜವೂ ಅಲ್ಲಿ ಮೂರನೆಯ ವರ್ಷದ ಬೆಳೆ ಕೊಟ್ಟಿದೆ.

“ಮಾರಾಯ್ರೆ, ಹೋಟೆಲಿನವನಿಗೆ ಇಲ್ಲದ್ದು ಏನು?” ಎಂದು ಅವರು ಕೇಳುತ್ತಾರೆ. ಮಾತು ನಿಜ. ಡಬ್ಬಿ ಖಾಲಿಯಾಗುತ್ತಲೇ ಇರುತ್ತದೆ. ತೆಂಗಿನ ಜುಂಗು ಬೇಕಾದಷ್ಟು ಬೀಳುತ್ತದೆ. ತರಕಾರಿಯ ಸಿಪ್ಪೆ, ಕಾಫಿಯ ಗಸಿ, ಚಹಾದ ಚರಟಗಳಿಗೆ ಲೆಕ್ಕವಿಲ್ಲ. ಅವರು ಅನುಸರಿಸುವ ಕ್ರಮವನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತೇವೆ.

ಡಬ್ಬಿಯ ಬಾಯನ್ನು ಪೂರ್ತಿ ಕತ್ತರಿಸಿ, ಅಂಚನ್ನು ಒಳಕ್ಕೆ ಬಡಿದು ಮಡಚಬೇಕು. ಇಲ್ಲವಾದರೆ ಕೈ ಕೊಯ್ಯುತ್ತದೆ. ಸೋಪಿನ ಬಿಸಿನೀರಿನಿಂದ ಜಿಡ್ಡು ತೊಳೆದು, ತಳದಲ್ಲಿ ಮೊಳೆಯಿಂದ ಎಂಟು ಹತ್ತು ತೂತು ಮಾಡಬೇಕು. ತೂತುಗಳ ಮೇಲೆ ಎರಡು ಅಂಗುಲ ತೆಂಗಿನ ಜುಂಗು ಹಾಸಬೇಕು. ಅದರ ಮೇಲೆ ಎರಡು ಪಾಲು ಮಣ್ಣು, ಒಂದು ಪಾಲು ಕೊಳೆತ ಗೊಬ್ಬರ. ಗೊಬ್ಬರಕ್ಕೆ ಇನ್ನೊಂದು ತೂತಿನ ಡಬ್ಬಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಒಣ ಎಲೆ ಅಥವಾ ಹರಿದ ಕಾಗದ, ಮೇಲೊಂದಿಷ್ಟು ಮಣ್ಣು ಹೀಗೆ ತುಂಬುತ್ತ ಹೋಗಿ, ವಾರಕ್ಕೊಮ್ಮೆ ಕೆದಕುತ್ತಿದ್ದರೆ ಎರಡು ಮೂರು ತಿಂಗಳಲ್ಲಿ ಕಪ್ಪನೆಯ ಗೊಬ್ಬರವಾಗುತ್ತದೆ. ಅನ್ನ, ಸಾಂಬಾರು, ಎಣ್ಣೆಯ ಪದಾರ್ಥ ಹಾಕಕೂಡದು, ಇಲಿ ಬರುತ್ತದೆ. ಚಹಾದ ಚರಟವನ್ನು ಒಮ್ಮೆ ತೊಳೆದೇ ಹಾಕಬೇಕು. ಸಕ್ಕರೆಯಿದ್ದರೆ ಇರುವೆ ಮುತ್ತುತ್ತದೆ.

ಸೊಪ್ಪಿಗೆ ದಿನಕ್ಕೆ ನಾಲ್ಕು ಗಂಟೆಯ ಬಿಸಿಲಾದರೂ ಬೇಕು. ಗಚ್ಚಿಯಿಲ್ಲದ ಗುಮಾಸ್ತರು ಕಿಟಕಿಯ ಬದಿಯಲ್ಲಿ ಆಳವಿಲ್ಲದ ತಟ್ಟೆಯಲ್ಲಿ ಮೆಂತ್ಯ ಬಿತ್ತಬಹುದು. ಮುಂಬಯಿಯ ಮಾರುಕಟ್ಟೆಯಲ್ಲಿ ಸಮುದ್ರಮೇಥಿಯೆಂದು ಸಣ್ಣ ಸಣ್ಣ ಕಟ್ಟುಗಳಲ್ಲಿ ಮಾರುವುದು ಮರಳುನೆಲದಲ್ಲಿ ಎಳೆಯದಾಗಿಯೇ ಕಿತ್ತ ಮೆಂತ್ಯವನ್ನೇ. ಅಡುಗೆಮನೆಯ ಡಬ್ಬಿಯಲ್ಲಿರುವ ಮೆಂತ್ಯದ ಕಾಳೇ ಬೀಜ. ಎರಡು ಮೂರು ವಾರದಲ್ಲಿ ಸೊಪ್ಪು ಸಿದ್ಧ. ಕೊತ್ತಂಬರಿಯಾದರೆ ಕಾಳನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು.

ಮೂರು ಎಚ್ಚರಿಕೆಗಳನ್ನು ಅವರು ಒತ್ತಿ ಹೇಳುತ್ತಾರೆ. ಮೊದಲನೆಯದು, ಧಣಿಗಳ ಇಲ್ಲವೆ ಮನೆಯ ಮಾಲಿಕರ ಒಪ್ಪಿಗೆಯಿಲ್ಲದೆ ಡಬ್ಬಿಯಿಡಬಾರದು. ಅವರ ಧಣಿಗಳು, ಕೆಳಗಿನ ಸೂರಿಗೆ ನೀರು ಇಳಿಯಬಾರದೆಂಬ ಒಂದೇ ಷರತ್ತಿನಿಂದ ಒಪ್ಪಿದರು. ಅದಕ್ಕಾಗಿ ಡಬ್ಬಿಗಳನ್ನು ಇಟ್ಟಿಗೆಯ ಮೇಲೆ ಇಟ್ಟಿದ್ದಾರೆ. ಎರಡನೆಯದು, ಗಚ್ಚಿಯ ಕಟ್ಟೆಯ ಮೇಲೆ ಡಬ್ಬಿಯನ್ನು ಎಂದೂ ಇಡಕೂಡದು. ಮಳೆಗಾಲದ ಗಾಳಿಗೆ ಉರುಳಿದರೆ ಕೆಳಗೆ ನಡೆಯುವವರ ಪ್ರಾಣಕ್ಕೆ ಅಪಾಯ. ಮೂರನೆಯದು, ಡಬ್ಬಿಯಡಿಯ ತಟ್ಟೆಯಲ್ಲಿ ನೀರು ನಿಲ್ಲಗೊಡಬಾರದು; ಡೆಂಗೆಯ ಸೊಳ್ಳೆ ಅಂಥ ತಿಳಿನೀರಿನಲ್ಲೇ ಮರಿಯಿಡುತ್ತದೆ.

“ದೋಸೆ ತಿಂದವರು ಹೊಯ್ದವನ ಮುಖ ನೋಡುವುದಿಲ್ಲ. ಬಳ್ಳಿಯಾದರೆ ಎರಡು ದಿನ ನೀರು ತಪ್ಪಿದರೆ ಬಾಡಿ ತೋರಿಸುತ್ತದೆ,” ಎಂದು ಅವರು ಹೇಳಿ ನಕ್ಕರು. ವಾರಕ್ಕೆರಡು ಸಲ, ಹೋಟೆಲು ಮುಚ್ಚಿದ ಮೇಲೆ, ಕೋಣೆಯ ಆರು ಮಂದಿಗೆ ಅವರ ಕೈಯ ಸೊಪ್ಪಿನ ಪದಾರ್ಥ ಸಿಕ್ಕುತ್ತದೆ. ಒಂಬತ್ತು ಡಬ್ಬಿಗಳಿಂದ ಆರು ಮಂದಿಯ ತರಕಾರಿಯ ಖರ್ಚು ಪೂರ್ತಿ ತೀರುವುದಿಲ್ಲ; ತೀರುತ್ತದೆಂದು ಹೇಳಿ ವಾಚಕರನ್ನು ಮರುಳುಗೊಳಿಸುವ ಆಸೆ ನಮಗಿಲ್ಲ. ಆದರೆ ಮಳೆಗಾಲದಲ್ಲಿ ನಾಸಿಕ, ಪುಣೆಯ ಕಡೆಯಿಂದ ಬರುವ ಸೊಪ್ಪು ದಾರಿಯಲ್ಲೇ ಕೊಳೆತು ಬೆಲೆ ಏರುವಾಗ ಕೈಗೆ ಹತ್ತಿರ ಒಂದು ಹಿಡಿ ಸೊಪ್ಪಿರುವುದು ಸಣ್ಣ ಮಾತಲ್ಲ. ಯಾವ ನೀರಿನಲ್ಲಿ ಬೆಳೆಯಿತೆಂಬ ಸಂಶಯವೂ ಇರುವುದಿಲ್ಲ. ಹಲವು ದಶಕಗಳ ಕಾಲ ಈ ನಗರದ ರೈಲು ಹಳಿಗಳ ಬದಿಯ ಮಡಿಗಳಲ್ಲಿ ಚರಂಡಿಯ ನೀರಿಗೆ ಬೆಳೆದ ಪಾಲಕವನ್ನು ಗಾಡಿಯ ಕಿಟಕಿಯಿಂದ ನೋಡಿದವರಿಗೆ ಆ ಸಂಶಯದ ಅರ್ಥ ತಿಳಿದಿದೆ.

ಇದು ಹೊಸ ಮಾತೂ ಅಲ್ಲ. ಆಹಾರದ ಅಭಾವದ ದಿನಗಳಲ್ಲಿ, 1942ರಿಂದ ಆಚೆಗೆ, “ಹೆಚ್ಚು ಆಹಾರ ಬೆಳೆಯಿರಿ” ಎಂಬ ಘೋಷಣೆ ದೇಶವೆಲ್ಲ ಕೇಳಿಬಂದಿತ್ತು. 1965ರಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಗಳು ವಾರಕ್ಕೊಂದು ಹೊತ್ತು ಊಟ ಬಿಡಿರೆಂದು ಜನರನ್ನು ಕೇಳಿಕೊಂಡಾಗ ಸೋಮವಾರದ ಸಂಜೆ ಹೋಟೆಲುಗಳು ಬಾಗಿಲು ಮುಚ್ಚಿದವು. ಶಾಸ್ತ್ರಿಗಳು ತಮ್ಮ ನಿವಾಸದ ಹುಲ್ಲುಹಾಸನ್ನು ಉಳಿಸಿ ಬೆಳೆಯಿಟ್ಟುದನ್ನೂ ಹಿರಿಯರು ನೆನೆಯುತ್ತಾರೆ. ಉಳಿಸುವುದೆಂದರೆ ನಮ್ಮ ಹಳ್ಳಿಯ ಮಾತಿನಲ್ಲಿ ನೇಗಿಲು ಹೂಡುವುದು. ಅಂದು ಎರಡು ಅರ್ಥದಲ್ಲಿಯೂ ಆ ಮಾತು ಸಲ್ಲುತ್ತಿತ್ತು.

ಒಲೆಯ ಮೇಲೆ

ಬೆಳೆದುದನ್ನು ಬೇಯಿಸುವುದು ಹೇಗೆ? ಒಂದು ಕೋಣೆ, ಒಂದು ಒಲೆ, ಅರ್ಧ ಗಂಟೆ ಮಾತ್ರ ಇರುವವರಿಗೆ ಒಗ್ಗುವ ಮೂರು ಅಡುಗೆಗಳನ್ನು ಹೇಳುತ್ತೇವೆ.

ತಂಬುಳಿ. ಒಂದೆಲಗದ ಎಲೆ 1 ಹಿಡಿ, ತೆಂಗಿನ ತುರಿ ಅರ್ಧ ಬಟ್ಟಲು. ಒಂದು ಚಮಚ ತುಪ್ಪದಲ್ಲಿ 1 ಚಮಚ ಜೀರಿಗೆ, 5 ಕಾಳುಮೆಣಸು ಹುರಿದು, ಎಲ್ಲವನ್ನೂ ನುಣ್ಣಗೆ ಅರೆದು, ಒಂದೂವರೆ ಲೋಟ ಮಜ್ಜಿಗೆಗೆ ಕದಡಿ, ಉಪ್ಪು ಹಾಕಿ, ಸಾಸಿವೆ ಒಣಮೆಣಸಿನ ಒಗ್ಗರಣೆ ಕೊಡುವುದು. ಕುದಿಸಬೇಕಾದುದಿಲ್ಲ. ಒಂದೆಲಗ ಸಿಕ್ಕದವರು ದೊಡ್ಡಪತ್ರೆ ಎಲೆಯನ್ನು ಬಾಡಿಸಿ ಇದೇ ರೀತಿ ಮಾಡಬಹುದು. ಹೋಟೆಲಿನ ಕಾವಿನಲ್ಲಿ ದಿನವೆಲ್ಲ ನಿಂತವರಿಗೆ ಇದರಷ್ಟು ಹಿತವಾದುದಿಲ್ಲ.

ಹರಿವೆ ಪಲ್ಯ. ಸೊಪ್ಪನ್ನು ಮೊದಲು ತೊಳೆದು ಆಮೇಲೆ ಹೆಚ್ಚಬೇಕು. ಹೆಚ್ಚಿ ತೊಳೆದರೆ ಸತ್ವ ನೀರಿನೊಡನೆ ಹೋಗುತ್ತದೆ. ಒಗ್ಗರಣೆಗೆ ಉದ್ದಿನ ಬೇಳೆ, ಸಾಸಿವೆ, ಒಂದು ಒಣಮೆಣಸು, ಜಜ್ಜಿದ ಬೆಳ್ಳುಳ್ಳಿ. ದಂಟು ಮೊದಲು, ಎಲೆ ಆಮೇಲೆ. ಬೇರೆ ನೀರು ಬೇಡ. ಹತ್ತು ನಿಮಿಷದಲ್ಲಿ ಇಳಿಸಿ ಕಾಯಿತುರಿ ಉದುರಿಸುವುದು. ಧಾರವಾಡ, ವಿಜಯಪುರದ ಕಡೆಯ ವಾಚಕರು ಮೆಂತ್ಯದ ಪಲ್ಲೆಯನ್ನೋ ಪುಂಡಿಪಲ್ಲೆಯನ್ನೋ ಜೋಳದ ರೊಟ್ಟಿಯೊಡನೆ ನೆನೆದುಕೊಂಡರೆ ನಮ್ಮ ಆಕ್ಷೇಪವಿಲ್ಲ. ಪುಂಡಿಯೂ ಡಬ್ಬಿಯಲ್ಲಿ ಬೆಳೆಯುತ್ತದೆ.

ಬಸಳೆ ಹುಳಿ. ಇದು ರಜೆಯ ದಿನದ್ದು. ಅರ್ಧ ಕಿಲೋ ಬಸಳೆಯ ದಂಟನ್ನು ಎರಡಂಗುಲದ ತುಂಡು ಮಾಡಿ, ಸುಲಿದು ಜಜ್ಜಿದ 15 ಹಲಸಿನ ಬೀಜದೊಡನೆ ಬೇಯಿಸುವುದು. ಬೀಜವಿಲ್ಲದಿದ್ದರೆ ನೆನೆಹಾಕಿದ ಹುರುಳಿಯಾಗಲಿ ಅಲಸಂದೆ ಕಾಳಾಗಲಿ ಆಗುತ್ತದೆ. ಬೆಂದ ಮೇಲೆ ಎಲೆ ಸೇರಿಸುವುದು. ಹುರಿದ 6 ಬ್ಯಾಡಗಿ ಮೆಣಸು, 2 ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಕೆಲವು ಮೆಂತ್ಯದ ಕಾಳು, 1 ಬಟ್ಟಲು ಕಾಯಿತುರಿ, ಸ್ವಲ್ಪ ಹುಣಸೆಹಣ್ಣು ಇವನ್ನು ಅರೆದು ಹಾಕಿ ಒಂದು ಕುದಿ ಬರಿಸಿ, ಬೆಳ್ಳುಳ್ಳಿಯ ಒಗ್ಗರಣೆ. ಮೀನು ತಿನ್ನುವ ಮನೆಗಳಲ್ಲಿ ಇದಕ್ಕೆ ಸಿಗಡಿಯನ್ನು ಕೂಡಿಸುತ್ತಾರೆ. ಕುಚಲಕ್ಕಿ ಅನ್ನ ಇದ್ದರೆ ಇನ್ನೇನೂ ಬೇಡ. ಮರುದಿನ ಬೆಳಗ್ಗೆ ಇನ್ನೂ ರುಚಿ. ಆದರೆ ರಾತ್ರಿ ಒಮ್ಮೆ ಕುದಿಸಿಟ್ಟಿರಬೇಕು.

ಮುಗಿಸುವ ಮೊದಲು

1998ರ ಜನವರಿ 26ರಂದು ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ಊರು ನಮಗೆ ಒಂದು ರಾತ್ರಿಯ ದೂರಕ್ಕೆ ಬಂದಿದೆ. ಮತ್ಸ್ಯಗಂಧಾ ಗಾಡಿಯಿಂದ ಇಳಿಯುವವರ ಕೈಚೀಲಗಳಲ್ಲಿ ಹಲಸಿನ ಹಪ್ಪಳ, ಉಪ್ಪಿನಕಾಯಿ, ತೆಂಗಿನೆಣ್ಣೆ, ಕುಚಲಕ್ಕಿ ಎಲ್ಲವನ್ನೂ ಕಾಣುತ್ತೇವೆ. ಅವೆಲ್ಲ ಒಂದು ತಿಂಗಳಲ್ಲಿ ಮುಗಿಯುವ ವಸ್ತುಗಳು. ಬೀಜದ ಗಂಟು ಕಾಣುವುದು ಅಪರೂಪ.

ಮುಂದಿನ ರಜೆಗೆ ಊರಿಗೆ ಹೋಗುವ ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟೆ. ತಾಯಿಯೋ ಅತ್ತೆಯೋ ದೊಡ್ಡಮ್ಮನೋ, ಮನೆಯಲ್ಲಿ ಹಿತ್ತಲು ನೋಡುವವರು ಯಾರಿದ್ದಾರೋ ಅವರ ಬಳಿ ಕುಳಿತು, ಯಾವ ಬೀಜ ಯಾವುದೆಂದು ಕೇಳಿ, ಒಂದೊಂದು ಗಂಟಿನಲ್ಲೂ ಹೆಸರು ಮತ್ತು ವರ್ಷ ಬರೆದ ಚೀಟಿಯಿಡಿರಿ. ಮನೆಯಲ್ಲಿ ಬೂದಿಯಿಲ್ಲದಿದ್ದರೆ ಕಾಳುಗಳನ್ನು ಚೆನ್ನಾಗಿ ಒಣಗಿಸಿ, ಒಣಗಿದ ಬೇವಿನೆಲೆಯೊಡನೆ ಬಿಗಿ ಮುಚ್ಚಳದ ಬಾಟಲಿಯಲ್ಲಿ ಹಾಕಿರಿ. ಅರ್ಧ ಅಲ್ಲಿಯೇ ಇರಲಿ, ಅರ್ಧ ನಿಮ್ಮೊಡನೆ ಬರಲಿ. ಬಂದ ಅರ್ಧದಲ್ಲಿ ಒಂದು ಪಾಲನ್ನು ಇನ್ನೊಬ್ಬರಿಗೆ ಕೊಡಿರಿ. ಒಬ್ಬರ ಮಡಕೆಗೆ ಹುಳ ಬಿದ್ದರೆ ಇನ್ನೊಬ್ಬರ ಬಾಟಲಿಯಲ್ಲಿ ಉಳಿದಿರುತ್ತದೆ.

ನಮ್ಮ ಹರಿವೆಯ ಬೀಜ ಈಗ ಆ ಗಚ್ಚಿಯಿಂದ ಹೊರಟು ನಾಲ್ಕು ಮನೆಗಳಿಗೆ ಹೋಗಿದೆ. ಪುಣೆಯ ತಮ್ಮನ ಮನೆಯ ಬಾಲ್ಕನಿಯಲ್ಲಿಯೂ ಮೊಳೆತಿದೆಯೆಂದು ಮೊನ್ನೆ ಕಾಗದ ಬಂತು. ಒಂದು ಮೊಳಕ್ಕೂ ಮಿಕ್ಕಿದ, ತುದಿಯಲ್ಲಿ ನಸುಗೆಂಪಿರುವ ಅಲಸಂದೆಯನ್ನು ಯಾವ ಊರಿನ ಯಾವ ಹಿತ್ತಲಿನಲ್ಲಾದರೂ ಕಂಡ ವಾಚಕರಿದ್ದರೆ ನಮಗೆ ತಿಳಿಸಬೇಕು. ನಾಲ್ಕು ಕಾಳು ಸಾಕು. ಈ ಸಲ ನಾವು ಎರಡೂ ಕೈ ನೀಡಿ ತೆಗೆದುಕೊಳ್ಳುತ್ತೇವೆ.